ಸೂಜಿ ಚುಚ್ಚುವ ಮುಂಚೆ, ಚುಚ್ಚಿದ ಮೇಲೆ

ನಮ್ಮ ಕಡೆ ಒಬ್ಬರ ಮನೆಗೆ ಗ್ಲುಕೋಮೀಟರ್ ಬಂತೆಂದರೆ ಅದು ಇಡೀ ಬೀದಿಗೇ ಬಂದಂತೆ. ಯಜಮಾನರು ಜಗಲಿಯ ಮೇಲೆ ಕೂತು ಬೆರಳು ಚುಚ್ಚಿಕೊಂಡು ಶುಗರ್ ಎಷ್ಟೆಂದು ನೋಡುತ್ತಿದ್ದರೆ, ಡೇರಿಗೆ ಹಾಲು ಹಾಕಿ ವಾಪಸಾಗುತ್ತಿದ್ದವರು ನಿಲ್ಲುತ್ತಾರೆ. "ಯಜಮಾನ್ರೇ, ನಂದೂ ಒಂದ್ಸಲ ನೋಡ್ಬಿಡಿ" ಅನ್ನುತ್ತಾರೆ. ಯಜಮಾನರು ಧಾರಾಳಿ. ಹೊಸ ಸ್ಟ್ರಿಪ್ ತೆಗೆದು ಯಂತ್ರಕ್ಕೆ ಸಿಕ್ಕಿಸುತ್ತಾರೆ. ಸೂಜಿ ಮಾತ್ರ ಅದೇ, ತಮಗೆ ಚುಚ್ಚಿಕೊಂಡದ್ದೇ. ಅದರ ಹಿಂದೆಯೇ ಇನ್ನೊಬ್ಬರು ಬೆರಳು ಚಾಚುತ್ತಾರೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಈಗ ಅರಸೀಕೆರೆ ತಾಲ್ಲೂಕಿನ ನಮ್ಮೂರಲ್ಲಿದ್ದೇನೆ. ದೊಡ್ಡವರಿಗೆ ನಾನು ಸಿಸ್ಟರಮ್ಮ, ಮಕ್ಕಳಿಗೆ ಸಿಸ್ಟರ್ ಅಜ್ಜಿ. "ಸಿಸ್ಟರ್ ಅಂದ್ರೆ ಅಕ್ಕ ಅಲ್ವಾ, ಅಕ್ಕ ಅಜ್ಜಿ ಹೇಗಾಗ್ತಾರೆ?" ಎಂದು ಮೂರನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದ. ಅವನಿಗೆ ಉತ್ತರ ಇನ್ನೂ ಬಾಕಿ ಇದೆ. ಬೆಳಗಾದರೆ ಮನೆಗೆ ಅಜ್ಜ ಅಜ್ಜಿಯರು ಬರುತ್ತಾರೆ, ಜೊತೆಗೆ ಮೊಮ್ಮಕ್ಕಳೂ ಬರುತ್ತಾರೆ. ಮಗ ಸೊಸೆ ಕೆಲಸಕ್ಕೆ ಹೋಗಿರುವ ಮನೆಗಳಲ್ಲಿ ಸೂಜಿಯ ಕೆಲಸ ಬೀಳುವುದು ಇವರಿಬ್ಬರ ಮೇಲೆಯೇ. ಅಜ್ಜನಿಗೆ ಧೈರ್ಯ ಇದೆ, ಸಿರಿಂಜಿನ ಗೆರೆ ಕಾಣುವುದಿಲ್ಲ. ಮೊಮ್ಮಗಳಿಗೆ ಗೆರೆ ಚೆನ್ನಾಗಿ ಕಾಣುತ್ತದೆ, ಧೈರ್ಯ ಸಾಲದು. ಇಬ್ಬರೂ ಒಟ್ಟಿಗೆ ಕೂತು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಜಗಲಿಯ ಸೂಜಿಯ ವಿಷಯ. ಸೂಜಿಯ ಮೇಲೆ ಕಣ್ಣಿಗೆ ಕಾಣುವಷ್ಟು ರಕ್ತ ಇರಬೇಕಾಗಿಲ್ಲ. ಈಲಿಯನ್ನು ಕೆಡಿಸಿ ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಾಣು ಮೈಯಿಂದ ಹೊರಬಿದ್ದ ಮೇಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಬೆರಳು ಚುಚ್ಚುವ ಸಾಧನವನ್ನು ಹಲವರಿಗೆ ಬಳಸಿದ್ದರಿಂದ ಈ ರೋಗ ಹರಡಿದ ಪ್ರಕರಣಗಳು ಅಮೆರಿಕದ ವೃದ್ಧರ ಆರೈಕೆ ಕೇಂದ್ರಗಳಲ್ಲೇ ದಾಖಲಾಗಿವೆ. ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಲದು. ಸೂಜಿ ಬದಲಿಸಿ ಅದೇ ಪೆನ್ ಬಳಸುತ್ತೇನೆ ಎಂದರೂ ಸಾಲದು. ಪೆನ್ನಿನ ಮುಂದಿನ ಮುಚ್ಚಳಕ್ಕೆ ಹಿಂದಿನವರ ರಕ್ತ ಸೋಕಿರುತ್ತದೆ. ಗಂಡ ಹೆಂಡತಿಗೂ ಇದೇ ಮಾತು. "ನಲವತ್ತು ವರ್ಷ ಒಂದೇ ತಟ್ಟೇಲಿ ಉಂಡಿದೀವಿ, ಸೂಜಿಗೇನು ಬೇರೆ ಸಂಸಾರ?" ಎಂದು ನಮ್ಮ ಬೀದಿಯ ಅಜ್ಜಿಯೊಬ್ಬರು ಜಗಳಕ್ಕೇ ಬಂದರು. ತಟ್ಟೆ ಒಂದೇ ಇರಲಿ, ಸೂಜಿ ಬೇರೆ ಇರಲಿ ಅಂದೆ. ಈಗ ಅವರ ಮನೆಯಲ್ಲಿ ಎರಡು ಪೆನ್ ಇವೆ. ಅಜ್ಜಿಯದಕ್ಕೆ ಕೆಂಪು ದಾರ ಕಟ್ಟಿದೆ. ಹಾಲಿನವರಿಗೆ ಶುಗರ್ ತಿಳಿಯಬೇಕಾದರೆ ಆರೋಗ್ಯ ಕೇಂದ್ರವಿದೆ. 30 ವರ್ಷ ದಾಟಿದವರಿಗೆ ಅಲ್ಲಿ ಶುಗರ್ ಮತ್ತು ಬಿ.ಪಿ. ನೋಡುತ್ತಾರೆ.

ಇನ್ನು ಚುಚ್ಚುವ ಬಗೆ. ಹೋದ ಮಾವಿನ ಕಾಲದಲ್ಲಿ ಎದುರು ಮನೆಯ ಅಜ್ಜ ಗಾಬರಿಯಾಗಿ ಬಂದರು. ಶುಗರ್ 312 ಬಂದಿದೆ, ಎರಡು ಯೂನಿಟ್ ಜಾಸ್ತಿ ತಗೊಳ್ಳಲಾ ಎಂದು ಅವರ ಪ್ರಶ್ನೆ. ಕೈ ನೋಡಿದರೆ ಬೆರಳೆಲ್ಲ ಅಂಟು. ಮೊಮ್ಮಕ್ಕಳಿಗೆ ರಸಪುರಿ ಹಣ್ಣು ಹೆಚ್ಚಿಕೊಟ್ಟು, ಪಂಚೆಗೆ ಕೈ ಒರೆಸಿಕೊಂಡು ಚುಚ್ಚಿಕೊಂಡಿದ್ದರು. ಸೋಪು ಹಾಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿಕೊಂಡು ಮತ್ತೆ ನೋಡಿದರೆ 148. ಯಂತ್ರಕ್ಕೆ ರಕ್ತದ ಸಕ್ಕರೆ ಯಾವುದು, ಹಣ್ಣಿನ ಸಕ್ಕರೆ ಯಾವುದು ಎಂದು ಗೊತ್ತಾಗುವುದಿಲ್ಲ, ಅದು ಒಟ್ಟು ಲೆಕ್ಕ ಹೇಳುತ್ತದೆ. ಆ 312ನ್ನು ನಂಬಿ ಹೆಚ್ಚು ಇನ್ಸುಲಿನ್ ಚುಚ್ಚಿಕೊಂಡಿದ್ದರೆ ಶುಗರ್ ತೀರಾ ಇಳಿದು ಅಜ್ಜ ಎಚ್ಚರ ತಪ್ಪಬಹುದಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರೂ ಹಣ್ಣಿನ ಅಂಟು ಪೂರ್ತಿ ಹೋಗುವುದಿಲ್ಲ. ಸೋಪು ನೀರೇ ಆಗಬೇಕು. ಕೈ ಒದ್ದೆ ಇರಲೂಬಾರದು, ನೀರು ಬೆರೆತರೆ ಲೆಕ್ಕ ಕಡಿಮೆ ಬರುತ್ತದೆ. ತೋಟದಲ್ಲೋ ಬಸ್ಸಿನಲ್ಲೋ ಇದ್ದು ತೊಳೆಯಲು ನೀರೇ ಸಿಗದಿದ್ದರೆ ಮೊದಲ ಹನಿ ಒರೆಸಿ ಹಾಕಿ, ಎರಡನೇ ಹನಿ ಮುಟ್ಟಿಸಿ.

ಬೆರಳ ತುದಿಯ ನಡುವೆ ಚುಚ್ಚಬೇಡಿ. ಬಿಸಿ ಲೋಟ ಹಿಡಿಯುವುದು, ಹೂ ಕಟ್ಟುವುದು, ಪುಸ್ತಕದ ಹಾಳೆ ತಿರುವುವುದು ಎಲ್ಲ ಅಲ್ಲಿಂದಲೇ. ನೋವಿನ ನರಗಳು ಅಲ್ಲಿ ಹೆಚ್ಚು. ತುದಿಯ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ನಾನು ಹೆಬ್ಬೆರಳು ತೋರುಬೆರಳುಗಳನ್ನು ಕೆಲಸಕ್ಕೆ ಬಿಟ್ಟು ಉಳಿದ ಮೂರರಲ್ಲಿ ಸರದಿ ಹಾಕಿಸುತ್ತೇನೆ. ಪೆನ್ನಿನ ತಲೆಯಲ್ಲಿ ಆಳ ಹೆಚ್ಚು ಕಡಿಮೆ ಮಾಡುವ ಅಂಕಿಗಳಿರುತ್ತವೆ. ಮೊದಲು ಕಡಿಮೆಯದರಲ್ಲಿ ನೋಡಿ, ರಕ್ತ ಬಾರದಿದ್ದರೆ ಒಂದು ಅಂಕಿ ಏರಿಸಿ. ಉತ್ತು ಉತ್ತು ಗಟ್ಟಿಯಾದ ಅಜ್ಜನ ಬೆರಳಿನ ಅಂಕಿ ಬೇರೆ, ಮಗುವಿನ ಬೆರಳಿನದು ಬೇರೆ. ಚುಚ್ಚುವ ಮುಂಚೆ ಕೈ ಕೆಳಕ್ಕೆ ಇಳಿಬಿಟ್ಟು ಅರ್ಧ ನಿಮಿಷ ಅಲ್ಲಾಡಿಸಿ. ಅಂಗೈ ಕಡೆಯಿಂದ ಬೆರಳ ಕಡೆಗೆ ಮೆಲ್ಲಗೆ ನೀವಿ. ನಿಂಬೆಹಣ್ಣಿನ ಹಾಗೆ ತುದಿಯನ್ನೇ ಹಿಂಡಿದರೆ ರಕ್ತದ ಜೊತೆ ಒಳಗಿನ ನೀರೂ ಬಂದು ಲೆಕ್ಕ ತಪ್ಪುತ್ತದೆ. ಈಗಿನ ಬಹಳಷ್ಟು ಯಂತ್ರಗಳಿಗೆ ಬೇಕಾದದ್ದು ಹೆಚ್ಚೆಂದರೆ ಒಂದು ಮೈಕ್ರೋಲೀಟರ್ ರಕ್ತ, ಅಂದರೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಸ್ಟ್ರಿಪ್ ತೆಗೆದ ಕೂಡಲೇ ಅದರ ಡಬ್ಬಿಯ ಮುಚ್ಚಳ ಹಾಕಿ. ಮಳೆಗಾಲದ ತೇವ ಒಳಗೆ ಹೋದರೆ ಮಿಕ್ಕ ಸ್ಟ್ರಿಪ್ಪುಗಳೂ ಹಾಳು.

ಮಕ್ಕಳೇ, ನವೆಂಬರ್ 14 ಯಾವ ದಿನ ಎಂದರೆ ಮಕ್ಕಳ ದಿನಾಚರಣೆ ಎಂದು ಕೂಗುತ್ತೀರಿ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ್ದು 1891ರ ನವೆಂಬರ್ 14ರಂದು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜ್ಜೀರಕ ಗ್ರಂಥಿಯಿಂದ ಒಂದು ರಸ ತೆಗೆದರು. 1922ರ ಜನವರಿ 11ರಂದು, ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅಂಥ ರಸ ಚುಚ್ಚಿದರು. ಆ ಹುಡುಗನ ತೂಕ 30 ಕಿಲೋ ಕೂಡ ಇರಲಿಲ್ಲ. ಆಗ ಮಕ್ಕಳಿಗೆ ಈ ಕಾಯಿಲೆ ಬಂದರೆ ಅನ್ನ ಕಡಿಮೆ ಮಾಡಿ ಇನ್ನಷ್ಟು ದಿನ ಉಳಿಸಿಕೊಳ್ಳುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಮೊದಲ ಚುಚ್ಚುಮದ್ದು ಶುದ್ಧವಾಗಿರಲಿಲ್ಲ, ಚುಚ್ಚಿದ ಜಾಗ ಬಾತು ಕೀವಾಯಿತು. ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಮಾಡಿ ಕೊಟ್ಟ ಮೇಲೆ ಜನವರಿ 23ರಂದು ಮತ್ತೆ ಚುಚ್ಚಿದರು. ಸಕ್ಕರೆ ಇಳಿಯಿತು, ಹುಡುಗ ಚೇತರಿಸಿಕೊಂಡ. ಆ ಕಾಲದ ಗಾಜಿನ ಸಿರಿಂಜನ್ನು ಮನೆಯಲ್ಲೇ ನೀರಲ್ಲಿ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು ಚುಚ್ಚಿಕೊಳ್ಳುತ್ತಿದ್ದರು. ನಾನು ಕೆಲಸಕ್ಕೆ ಸೇರಿದಾಗಲೂ ಬೆಳಗಿನ ಮೊದಲ ಕೆಲಸ ಗಾಜಿನ ಸಿರಿಂಜು ಕುದಿಸುವುದೇ ಆಗಿತ್ತು. ಆ ದಪ್ಪ ಸೂಜಿ ನೋಡಿದ್ದರೆ ಈಗಿನ ಸೂಜಿಗೆ ನೀವು ಹೆದರುತ್ತಿರಲಿಲ್ಲ.

ಈಗಿನ ಇನ್ಸುಲಿನ್ ಪೆನ್ನಿನ ಚಿಕ್ಕ ಸೂಜಿಯ ಉದ್ದ 4 ಮಿಲಿಮೀಟರ್. ನಿಮ್ಮ ಸ್ಕೇಲಿನಲ್ಲಿ ನಾಲ್ಕು ಸಣ್ಣ ಗೆರೆ. ದಪ್ಪಗಿರಲಿ ಸಣ್ಣಗಿರಲಿ, ಇನ್ಸುಲಿನ್ ಚುಚ್ಚುವ ಜಾಗದಲ್ಲಿ ಮನುಷ್ಯನ ಚರ್ಮದ ದಪ್ಪ ಸುಮಾರು 2ರಿಂದ 2.5 ಮಿಲಿಮೀಟರ್ ಅಷ್ಟೇ. ಔಷಧ ಹೋಗಬೇಕಾದದ್ದು ಅದರ ಕೆಳಗಿನ ಕೊಬ್ಬಿನ ಪದರಕ್ಕೆ. ಅದಕ್ಕೆ ಈ ನಾಲ್ಕು ಗೆರೆಯ ಸೂಜಿ ದೊಡ್ಡವರಿಗೂ ಸಾಕು.

ನಮ್ಮ ದೇಶದಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಅಪಾಯವಿದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸೀಸೆಯಲ್ಲಿ ಸಿಗುವ ಇನ್ಸುಲಿನ್ನಿನಲ್ಲಿ ಎರಡು ಬಗೆ. ಒಂದರ ಪ್ರತಿ ಮಿಲಿಲೀಟರಿನಲ್ಲಿ 40 ಯೂನಿಟ್ ಔಷಧ, ಇನ್ನೊಂದರಲ್ಲಿ 100 ಯೂನಿಟ್. ಸೀಸೆಯ ಮೇಲೆ ಇಂಗ್ಲಿಷಿನಲ್ಲಿ ಯು-40 ಅಥವಾ ಯು-100 ಎಂದೋ, 40 ಐಯು, 100 ಐಯು ಎಂದೋ ಬರೆದಿರುತ್ತದೆ. ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಈಗ ಲೆಕ್ಕ ಮಾಡಿ. ಅಜ್ಜಿಗೆ ಡಾಕ್ಟರು 20 ಯೂನಿಟ್ ಬರೆದಿದ್ದಾರೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಎಂದರೆ ಅರ್ಧ ಮಿಲಿಲೀಟರ್. ಅದೇ ಸಿರಿಂಜಿಗೆ 100ರ ಸೀಸೆಯಿಂದ ಎಳೆದರೆ ಅರ್ಧ ಮಿಲಿಲೀಟರಿನಲ್ಲಿ ಎಷ್ಟು? 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಮಾಡಿ, 40ರ ಸೀಸೆಯಿಂದ ಕಿತ್ತಳೆ ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಮೊದಲನೆಯದರಲ್ಲಿ ಅಜ್ಜಿ ಎಚ್ಚರ ತಪ್ಪುತ್ತಾರೆ. ಎರಡನೆಯದರಲ್ಲಿ ದಿನಾ ಚುಚ್ಚಿಕೊಂಡರೂ ಸಕ್ಕರೆ ಇಳಿಯುವುದಿಲ್ಲ. ಅಂಗಡಿಯಿಂದ ತಂದ ಕೂಡಲೇ ಸೀಸೆಯ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ಓದುವ ಕೆಲಸ ಮೊಮ್ಮಕ್ಕಳದು. ಹಾಗೆಯೇ ಪೆನ್ನಿನ ಕಾಟ್ರಿಜ್ಜಿಗೆ ಸಿರಿಂಜ್ ಚುಚ್ಚಿ ಔಷಧ ಎಳೆಯಲು ಹೋಗಬೇಡಿ.

ಔಷಧ ಹಾಲಿನ ಹಾಗೆ ಮಬ್ಬಾಗಿದ್ದರೆ, ನಮ್ಮಲ್ಲಿ ಬಹಳ ಜನ ಬಳಸುವ 30/70 ಮಿಶ್ರಣದ್ದು ಹಾಗೇ ಇರುತ್ತದೆ, ಎರಡು ಅಂಗೈ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ತಲೆಕೆಳಗು ಮಾಡಿ. ಮಜ್ಜಿಗೆ ಕಡೆದ ಹಾಗೆ ಕುಲುಕಬಾರದು. ಪೆನ್ ಆದರೆ ಹೊಸ ಸೂಜಿ ಹಾಕಿ 2 ಯೂನಿಟ್ ಗಾಳಿಗೆ ಬಿಟ್ಟು, ಸೂಜಿಯ ತುದಿಯಲ್ಲಿ ಹನಿ ಬಂದದ್ದು ನೋಡಿದ ಮೇಲೆ ಅಳತೆ ತಿರುಗಿಸಿ. ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ನಿಧಾನಕ್ಕೆ ಒಂದರಿಂದ ಹತ್ತು ಎಣಿಸಿ ಸೂಜಿ ತೆಗೆಯಿರಿ. ಎಣಿಸುವ ಕೆಲಸಕ್ಕೆ ಯುಕೆಜಿ ಮೊಮ್ಮಗ ಸಾಕು. ನಮ್ಮ ಬೀದಿಯಲ್ಲೊಬ್ಬ ಎಂಟಾದ ಮೇಲೆ ನೇರ ಹತ್ತಕ್ಕೆ ಹಾರುತ್ತಾನೆ. ಅವನಿಗೆ ಹನ್ನೆರಡರವರೆಗೆ ಎಣಿಸಲು ಹೇಳಿದ್ದೇನೆ. ಚುಚ್ಚಿದ ಜಾಗ ಉಜ್ಜಬಾರದು. ಒಬ್ಬರ ಇನ್ಸುಲಿನ್ ಪೆನ್ ಇನ್ನೊಬ್ಬರಿಗೆ ಸಲ್ಲದು, ಸೂಜಿ ಬದಲಿಸಿದರೂ ಸಲ್ಲದು. ಚುಚ್ಚುವಾಗ ರಕ್ತದ ಕಣ ಹಿಂದಕ್ಕೆ ಕಾಟ್ರಿಜ್ಜಿಗೆ ಹೋಗಬಹುದು.

ಹೊಟ್ಟೆ, ತೊಡೆಯ ಮುಂಭಾಗ, ತೋಳಿನ ಹಿಂಬದಿ, ಪಿರ್ರೆಯ ಮೇಲ್ಭಾಗ ಇವು ಚುಚ್ಚುವ ಜಾಗಗಳು. ಹೊಟ್ಟೆಯಲ್ಲಾದರೆ ಹೊಕ್ಕುಳಿನ ಸುತ್ತ ಎರಡು ಬೆರಳು ಬಿಡಿ. ದಿನಾ ಒಂದೇ ಕಡೆ ಚುಚ್ಚಿಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ. "ಅಲ್ಲಿ ನೋವೇ ಆಗಲ್ಲ ಸಿಸ್ಟರಮ್ಮ" ಎನ್ನುತ್ತಾರೆ. ನೋವಾಗದಿರುವುದಕ್ಕೆ ಕಾರಣ ಅಲ್ಲಿ ಕೊಬ್ಬು ಗಂಟುಕಟ್ಟಿರುವುದು. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ತಡವಾಗಿ, ಒಂದು ದಿನ ಬೇಗ ರಕ್ತಕ್ಕೆ ಸೇರುತ್ತದೆ, ಶುಗರ್ ಏರುಪೇರಾಗುತ್ತದೆ. ಬೆರಳಿಂದ ಸವರಿ ನೋಡಿ, ಗಂಟು ಸಿಕ್ಕರೆ ಆ ಜಾಗಕ್ಕೆ ಕೆಲವು ತಿಂಗಳು ರಜೆ ಕೊಡಿ, ಡಾಕ್ಟರಿಗೂ ಹೇಳಿ. ಒಳ್ಳೆಯ ಜಾಗಕ್ಕೆ ಬದಲಾಯಿಸಿದಾಗ ಅಳತೆ ಇಳಿಸಬೇಕಾಗಬಹುದು. ಪ್ರತಿ ಸಲ ಹಿಂದಿನ ಚುಚ್ಚಿನಿಂದ ಒಂದು ಬೆರಳಗಲ ಸರಿದು ಚುಚ್ಚಿ. ಸೂಜಿಯೂ ಪ್ರತಿ ಸಲ ಹೊಸದಿರಲಿ. ದುಡ್ಡು ಉಳಿಸಲೆಂದು ವಾರಗಟ್ಟಲೆ ಒಂದೇ ಸೂಜಿ ಇಟ್ಟುಕೊಳ್ಳುವವರನ್ನು ಕಂಡಿದ್ದೇನೆ, ಅವರ ಕಷ್ಟ ನನಗೆ ಗೊತ್ತು. ಆದರೆ ಒಮ್ಮೆ ಚುಚ್ಚಿದ ಮೊನೆ ಬಾಗುತ್ತದೆ, ಮಾಂಸ ಹರಿಯುತ್ತದೆ, ಗಂಟಾಗುವುದೂ ಹೆಚ್ಚು.

ಒಡೆಯದ ಸೀಸೆ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಐಸ್ ಪೆಟ್ಟಿಗೆಯೊಳಗೆ ಇಟ್ಟು ಗಟ್ಟಿಯಾದರೆ ಕರಗಿಸಿಯೂ ಬಳಸುವಂತಿಲ್ಲ. ಬಳಸುತ್ತಿರುವುದನ್ನು ಸಾಮಾನ್ಯವಾಗಿ ತಿಂಗಳ ಕಾಲ ನೆರಳಲ್ಲಿ, ತಂಪು ಜಾಗದಲ್ಲಿ ಇಡಬಹುದು; ಕರಾರುವಾಕ್ ದಿನ ಪೊಟ್ಟಣದೊಳಗಿನ ಚೀಟಿಯಲ್ಲಿರುತ್ತದೆ. ಫ್ರಿಜ್ ಇಲ್ಲದ ಮನೆಗೆ ನಮ್ಮ ಕುಂಬಾರರ ಮಡಕೆ ಇದೆ. ದೊಡ್ಡ ಮಡಕೆಯೊಳಗೆ ಚಿಕ್ಕದಿಟ್ಟು, ನಡುವೆ ಮರಳು ತುಂಬಿ, ಮರಳಿಗೆ ನೀರು ಹಾಕುತ್ತಿರಿ. ಸೀಸೆ ಮುಚ್ಚಳದ ಡಬ್ಬಿಯಲ್ಲಿ ಚಿಕ್ಕ ಮಡಕೆಯೊಳಗಿರಲಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಔಷಧ ಕೂಡಲೇ ಚುಚ್ಚಿದರೆ ಉರಿಯುತ್ತದೆ, ಅರ್ಧ ಗಂಟೆ ಹೊರಗಿಡಿ.

ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು. ಹಬ್ಬದ ದಿನ, ಮದುವೆ ಮನೆಯಲ್ಲಿ ತಪ್ಪುವುದೇ ಇಲ್ಲಿ. ಪೂಜೆ ಮುಗಿಯಲಿ, ನೆಂಟರಿಗೆ ಬಡಿಸಿಯಾಗಲಿ ಎಂದು ಅಜ್ಜಿ ಕಾಯುತ್ತಾರೆ. ಅಷ್ಟರಲ್ಲಿ ಬೆವರು, ಕೈ ನಡುಕ, ಎದೆ ಡವಡವ. ಕಾರಣವಿಲ್ಲದೆ ಸಿಡುಕುತ್ತಾರೆ, ಒಮ್ಮೊಮ್ಮೆ ಮೊಮ್ಮಗನ ಹೆಸರೇ ಮರೆಯುತ್ತದೆ. ಮಕ್ಕಳೇ, ಆಗ ನಿಮಗೆ ಅವರ ಮೇಲೆ ಸಿಟ್ಟು ಬೇಡ. ಅಡುಗೆಮನೆಗೆ ಓಡಿ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕಲಸಿ ಕುಡಿಸಿ. ಯಂತ್ರದಲ್ಲಿ ನೋಡಿದರೆ ಸಾಮಾನ್ಯವಾಗಿ 70ಕ್ಕಿಂತ ಕೆಳಗಿರುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ, ಆಮೇಲೆ ಊಟ ಮಾಡಿಸಿ. ಚಾಕಲೇಟ್ ಕೊಡಬೇಡಿ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ನಮ್ಮೂರಿನಲ್ಲಿ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವವಳು ಎಂಟನೇ ಕ್ಲಾಸಿನ ಹುಡುಗಿ. "ಸಿಹಿ ಜಾಸ್ತಿ ತಿಂದಿದ್ದಕ್ಕೇ ಬಂತಂತೆ" ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವಳಿಗಿರುವುದು ಟೈಪ್ 1. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಗುರುತು ತಪ್ಪಿ ಇನ್ಸುಲಿನ್ ಮಾಡುವ ಕಣಗಳನ್ನು ಕೊಂದಿರುತ್ತದೆ. ಸಿಹಿಗೂ ಅದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಶಾಲೆಯಲ್ಲಿ ಅವಳು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು, ಪೆನ್ನನ್ನು ಕಿಟಕಿಯ ಮೇಲಿಟ್ಟು ಚುಚ್ಚಿಕೊಳ್ಳುತ್ತಿದ್ದಳು. ಕೇಳಿ ನನಗೆ ಹೊಟ್ಟೆ ಉರಿಯಿತು. ಅವಳ ಅಜ್ಜನೂ ನಾನೂ ಹೋಗಿ ಮುಖ್ಯೋಪಾಧ್ಯಾಯರ ಹತ್ತಿರ ಕೂತೆವು. ಇಂಥ ಮಕ್ಕಳಿಗೆ ಶಾಲೆಯ ವೇಳೆಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಬಿಡಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದಿದೆ. ಮೇಷ್ಟ್ರು ಒಳ್ಳೆಯವರು, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಈಗ ಅವಳಿಗೆ ಶಿಕ್ಷಕರ ಕೊಠಡಿಯಲ್ಲಿ ಒಂದು ಕುರ್ಚಿ, ಕೈ ತೊಳೆಯಲು ಸೋಪು ಇವೆ. ಗೆಳತಿಯ ಚೀಲದಲ್ಲೂ ಒಂದು ಸಕ್ಕರೆ ಪೊಟ್ಟಣ ಇರುತ್ತದೆ.

ಚುಚ್ಚಿಯಾಯಿತು, ಸೂಜಿ ಎಲ್ಲಿಗೆ ಹೋಗುತ್ತದೆ? ಹಳ್ಳಿಯಲ್ಲಿ ತಿಪ್ಪೆಗೆ. ಕಸ, ಸಗಣಿ, ಬೂದಿಯ ಜೊತೆ ಅದೂ ವರ್ಷ ಮಲಗಿದ್ದು, ಮಳೆಗೆ ಮುಂಚೆ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತದೆ. ಗೊಬ್ಬರ ಎರಚುವುದು ಬರಿಗೈಯಲ್ಲಿ, ತುಳಿಯುವುದು ಬರಿಗಾಲಲ್ಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮಾಗಿರುವ ಅಜ್ಜನಿಗೆ ಸೂಜಿ ನೆಟ್ಟದ್ದೂ ತಿಳಿಯುವುದಿಲ್ಲ. ಪಟ್ಟಣದಲ್ಲಾದರೆ ಕಸದ ಚೀಲಕ್ಕೆ ಕೈ ಹಾಕುವವರು ಪೌರಕಾರ್ಮಿಕರು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಒಬ್ಬ ಹೆಂಗಸು ಬೆರಳಿಗೆ ಸೀರೆಯ ಚೂರು ಸುತ್ತಿಕೊಂಡು ಬಂದಿದ್ದಳು. ಯಾವ ಮನೆಯ ಸೂಜಿಯೋ, ಯಾರ ರಕ್ತವೋ ಗೊತ್ತಿಲ್ಲ. ಅವಳಿಗೆ ಪರೀಕ್ಷೆ, ಲಸಿಕೆ, ಮಾತ್ರೆ, ಮತ್ತೆ ಮತ್ತೆ ಪರೀಕ್ಷೆ. ತಿಂಗಳುಗಟ್ಟಲೆ ಅವಳು ಮಗುವಿಗೆ ಮುತ್ತಿಡಲೂ ಹೆದರುತ್ತಿದ್ದಳು. ಮುತ್ತಿನಿಂದ ಏನೂ ಆಗದು ಎಂದು ನಾನು ಎಷ್ಟು ಹೇಳಿದರೂ ಅವಳ ಭಯ ಹೋಗಲಿಲ್ಲ. ಕೊನೆಗೆ ಏನೂ ಅಂಟಿರಲಿಲ್ಲ. ಯಾರಿಗೇ ಹೀಗೆ ಚುಚ್ಚಿದರೂ ಹಿಂಡಬಾರದು, ಬಾಯಲ್ಲಿ ಹೀರಬಾರದು. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ ಸಿರಿಂಜುಗಳನ್ನು ಅಪಾಯಕಾರಿ ಕಸವೆಂದೇ ಎಣಿಸಿದ್ದವು. ಹಸಿ ಕಸದಲ್ಲೂ ಒಣ ಕಸದಲ್ಲೂ ಅದಕ್ಕೆ ಜಾಗವಿಲ್ಲ. ನೀರೊಲೆಗೆ ಹಾಕಿ ಸುಡುವುದೂ ಬೇಡ, ಸೂಜಿ ಬೂದಿಯಲ್ಲಿ ಹಾಗೇ ಉಳಿಯುತ್ತದೆ. ತಿರುಪು ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬ ಬೇಕು. ಬಟ್ಟೆ ಸೋಪಿನ ದ್ರವದ್ದೋ ಫಿನಾಯಿಲಿನದೋ ಖಾಲಿ ಡಬ್ಬವಾದರೆ ಸರಿ. ಕುಡಿಯುವ ನೀರಿನ ತೆಳು ಬಾಟಲಿಯನ್ನು ಸೂಜಿ ತೂರಿಬಿಡುತ್ತದೆ. ಚುಚ್ಚುವ ಜಾಗದಲ್ಲೇ ಡಬ್ಬ ಇರಲಿ, ಸೂಜಿ ತೆಗೆದ ಕೂಡಲೇ ಒಳಗೆ ಬೀಳಲಿ. ಬೇರೆಯವರಿಗೆ ಚುಚ್ಚಿದ ಸೂಜಿಗೆ ಎರಡೂ ಕೈಯಿಂದ ಮುಚ್ಚಳ ಹಾಕಲು ಹೋಗಬೇಡಿ, ಗುರಿ ತಪ್ಪಿ ಚುಚ್ಚುವುದು ಆಗಲೇ. ಪೆನ್ನಿನ ಸೂಜಿಗೆ ಮುಚ್ಚಳ ಹಾಕಲೇಬೇಕಾದರೆ ಮೇಜಿನ ಮೇಲೆ ಮುಚ್ಚಳವಿಟ್ಟು ಒಂದೇ ಕೈಯಲ್ಲಿ ಸೂಜಿಯಿಂದಲೇ ಅದನ್ನು ಎತ್ತಿಕೊಳ್ಳಿ. ಡಬ್ಬ ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪು ಸುತ್ತಿ. ಸೂಜಿ ತೆಗೆದುಕೊಳ್ಳುವ ಆಸ್ಪತ್ರೆ ಅಥವಾ ಲ್ಯಾಬು ನಿಮ್ಮ ಹತ್ತಿರ ಯಾವುದಿದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಕಸದ ಗಾಡಿಗೇ ಕೊಡಬೇಕಾಗಿ ಬಂದರೆ ಬೇರೆಯಾಗಿ, ಕೈಗೆ ಕೊಟ್ಟು, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ.

ಕೆಂಪು ದಾರದ ಅಜ್ಜಿಯ ಮನೆಯ ಡಬ್ಬ ಗೂಡಿನಲ್ಲಿ, ಮಕ್ಕಳಿಗೆ ಎಟುಕದ ಎತ್ತರದಲ್ಲಿದೆ. ಅದರ ಮೇಲೆ ಅವರ ಮೊಮ್ಮಗ ದಪ್ಪ ಅಕ್ಷರದಲ್ಲಿ "ಒಳಗೆ ಸೂಜಿ ಇದೆ, ತೆಗೀಬೇಡಿ" ಎಂದು ಬರೆದಿದ್ದಾನೆ. ಓದಲು ಬಾರದವರಿಗೆ ತಿಳಿಯಲೆಂದು ಪಕ್ಕದಲ್ಲಿ ಒಂದು ಚಿತ್ರ. ತಲೆಬುರುಡೆ ಬರೆಯಲು ಹೋದೆ, ಬರಲಿಲ್ಲ, ಸೊಳ್ಳೆ ಬರೆದೆ, ಅದೂ ಚುಚ್ಚುತ್ತಲ್ಲ ಅಂದ.